ಹಲಸಿನ ಮರದ ಹತ್ತಿರ ಇಳಿಸಿ

ಭಟ್ಕಳದಿಂದ ಹೊನ್ನಾವರ ದಾಟಿ ಕುಮಟಾಕ್ಕೆ ಸುಮಾರು 60 ಕಿಲೋಮೀಟರ್. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣಗೊಂಡಾಗ ಈ ದಾರಿಯ ಬಸ್ಸುಗಳ ಕಾಲ ಮುಗಿಯಿತೆಂದು ಭವಿಷ್ಯ ನುಡಿದವರಿದ್ದರು. ಹಾಗೇನೂ ಆಗಲಿಲ್ಲ. ರೈಲು ಮುಂಬೈಯನ್ನು ಹತ್ತಿರ ತಂದಿತು, ನಿಜ. ಆದರೆ ಮಂಕಿಯಿಂದ ಹೊನ್ನಾವರದ ಪೇಟೆಗೂ, ಹಳದೀಪುರದಿಂದ ಕುಮಟಾದ ಕಾಲೇಜಿಗೂ ಹೋಗುವವರಿಗೆ ಮನೆಯ ತಿರುವಿನಲ್ಲಿ ಕೈ ಅಡ್ಡ ಹಿಡಿದರೆ ನಿಲ್ಲುವ ವಾಹನವೇ ಬೇಕು. ರೈಲಿಗೆ ಕೈ ತೋರಿಸಲಾಗುವುದಿಲ್ಲ.

1993ರ ಗಲಭೆಯ ನಂತರ ಭಟ್ಕಳದ ಹೆಸರು ಹೊರಗಿನವರ ಕಿವಿಗೆ ಒಂದೇ ಅರ್ಥದಲ್ಲಿ ಬೀಳುತ್ತ ಬಂದಿದೆ. ಆ ತಿಂಗಳುಗಳ ನೋವನ್ನು ಅಲ್ಲಗಳೆಯುವ ಉದ್ದೇಶ ನನ್ನದಲ್ಲ. ಆದರೆ ನಿವೃತ್ತಿಯ ನಂತರ ವೇಗದೂತ ಬಸ್ಸನ್ನು ಬಿಟ್ಟು, ಎಲ್ಲೆಡೆ ನಿಂತು ಹೋಗುವ ಬಸ್ಸಿನಲ್ಲೇ ಓಡಾಡುವುದನ್ನು ರೂಢಿಸಿಕೊಂಡಿರುವ ನನಗೆ, ಪತ್ರಿಕೆಯ ಮುಖಪುಟದ ಭಟ್ಕಳಕ್ಕಿಂತ ಬೇರೊಂದು ಭಟ್ಕಳದ ಪರಿಚಯವೂ ಆಗಿದೆ.

ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ. ಹೀಗಾಗಿ ಬಯಲುಸೀಮೆಯ ನಿರ್ವಾಹಕರು ಕರಾವಳಿಯ ಬಸ್ಸಿನಲ್ಲಿ ಸಿಗುವುದು ಅಪರೂಪವಲ್ಲ. ಗದಗಿನ ಕಡೆಯಿಂದ ಹೊಸದಾಗಿ ಬಂದ ಒಬ್ಬರು ಒಮ್ಮೆ ನನ್ನ ಪಕ್ಕದಲ್ಲಿ ನಿಂತು ಆತಂಕದಿಂದ ಕೇಳಿದರು: “ಸರ್, ಆ ಇಬ್ಬರು ಅಮ್ಮಾರು ಜಗಳಾ ಮಾಡಾಕತ್ಯಾರೇನ್ರಿ?” ಮುಂದಿನ ಆಸನದಲ್ಲಿ ಮೀನು ಮಾರಿ ಮರಳುತ್ತಿದ್ದ ಹೆಂಗಸೊಬ್ಬಳು ಕೊಂಕಣಿಯಲ್ಲಿಯೂ, ಭಟ್ಕಳದ ಅಜ್ಜಿಯೊಬ್ಬರು ನವಾಯತಿಯಲ್ಲಿಯೂ ಧ್ವನಿಯೇರಿಸಿ ಮಾತನಾಡುತ್ತಿದ್ದರು. ನವಾಯತಿಯ ಲಿಪಿ ಅರಬ್ಬಿ–ಫಾರಸಿ ಮೂಲದ್ದು, ಮಾತಿನ ಬೇರು ಮಾತ್ರ ಕೊಂಕಣಿಯ ನೆಲದ್ದೇ. ಇಬ್ಬರಿಗೂ ಪರಸ್ಪರರ ಮಾತು ಧಾರಾಳವಾಗಿ ಅರ್ಥವಾಗುತ್ತಿತ್ತು. ವಿವಾದವಿದ್ದುದು ಬಂಗುಡೆಯ ಸಾರಿಗೆ ಮುರುಗಲ ಸಿಪ್ಪೆ ಎಷ್ಟು ಹಾಕಬೇಕೆಂಬುದರ ಬಗ್ಗೆ. ಹಾಗೆಂದು ತಿಳಿಸಿದಾಗ ಅವರು ನಿಟ್ಟುಸಿರು ಬಿಟ್ಟು, “ನಮ್ಮ ಕಡೆ ಇಷ್ಟು ಜೋರು ಮಾತಾಡಿದ್ರ ಪೊಲೀಸ್ರು ಬರ್ತಾರ್ರೀ” ಎಂದರು.

ಟಿಕೆಟಿನ ಪ್ರಸಂಗಗಳಂತೂ ಅರ್ಥಶಾಸ್ತ್ರದ ಪಠ್ಯದಲ್ಲಿ ಸೇರಿಸುವಂಥವು. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ಹೆಂಗಸರಿಗೆ ಶೂನ್ಯ ಮೊತ್ತದ ಟಿಕೆಟ್. ಶಿರಾಲಿಯಲ್ಲಿ ಹುಂಜವೊಂದನ್ನು ಚೀಲದಲ್ಲಿಟ್ಟುಕೊಂಡು ಹತ್ತಿದ ಹೆಂಗಸಿಗೆ ಪ್ರಯಾಣ ಉಚಿತ, ಹುಂಜಕ್ಕೆ ಮಾತ್ರ ದರ. “ಇದೂ ಹೆಣ್ಣೇ ಅಂತ ಬರ್ಕೊಳ್ಳಿ” ಎಂದು ಅವಳು ಹೇಳುವುದಕ್ಕೂ ಚೀಲದೊಳಗಿನಿಂದ ಕೂಗು ಬರುವುದಕ್ಕೂ ಸರಿಹೋಯಿತು. ಇದು ನಗೆಹನಿಯೇನಲ್ಲ. 2024ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಬಸ್ಸಿನಲ್ಲಿ ಅಜ್ಜಿ–ಮೊಮ್ಮಗಳು ಉಚಿತವಾಗಿ ಪ್ರಯಾಣಿಸಿದರೆ, ಅವರ ಪಂಜರದ ನಾಲ್ಕು ಹಕ್ಕಿಗಳಿಗೆ 444 ರೂಪಾಯಿಯ ಟಿಕೆಟ್ ನೀಡಿದ್ದು ಪತ್ರಿಕೆಗಳಲ್ಲೇ ಬಂದಿತ್ತು.

ಉಚಿತ ಪ್ರಯಾಣದಿಂದ ಹೆಂಗಸರು ಸುಮ್ಮನೆ ತಿರುಗುತ್ತಾರೆಂದು ದೂರುವವರು, ಕುಮಟಾ, ಹೊನ್ನಾವರಗಳಿಂದ ದಕ್ಷಿಣಕ್ಕೆ ಹೊರಡುವ ಬೆಳಗಿನ ಬಸ್ಸನ್ನು ಒಂದು ದಿನ ಹತ್ತಿ ನೋಡಬೇಕು. ಅದರಲ್ಲಿ ಹಲವರ ತೊಡೆಯ ಮೇಲೆ ಎಕ್ಸ್‌ರೇಯ ದೊಡ್ಡ ಲಕೋಟೆ ಇಲ್ಲವೇ ಪ್ಲಾಸ್ಟಿಕ್ಕಿನ ಕಡತ ಇರುತ್ತದೆ. ಗಂಭೀರ ಕಾಯಿಲೆಯೆಂದರೆ ಈ ತಾಲ್ಲೂಕುಗಳ ಜನ ಮಣಿಪಾಲಕ್ಕೋ ಮಂಗಳೂರಿಗೋ ಹೋಗಬೇಕು. ಕುಮಟಾದಿಂದ ಮಣಿಪಾಲವೇ ಸುಮಾರು 150 ಕಿಲೋಮೀಟರ್. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು 2019ರಲ್ಲಿ ಜಾಲತಾಣಗಳಲ್ಲಿ ಎದ್ದಿತು. 2022ರ ಜುಲೈ 20ರಂದು, ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರಿನ ಟೋಲ್‌ಗೇಟಿನಲ್ಲಿ ಉರುಳಿ ನಾಲ್ವರು ಸತ್ತ ಮೇಲೆ ಅದು ಇನ್ನಷ್ಟು ಜೋರಾಯಿತು. ಘೋಷಣೆಗಳೂ ಬಂದವು. ಬೆಳಗಿನ ಬಸ್ಸು ಮಾತ್ರ ತುಂಬಿಯೇ ಹೋಗುತ್ತಿದೆ.

ಆ ಬಸ್ಸು ಒಂದು ಬಗೆಯ ಸಂಚಾರಿ ಹೊರರೋಗಿ ವಿಭಾಗ. ಮೊದಲ ಬಾರಿ ಹೋಗುವವರನ್ನು ಹಳಬರು ಮುಖ ನೋಡಿಯೇ ಗುರುತಿಸುತ್ತಾರೆ. ಚೀಟಿ ಎಲ್ಲಿ ಮಾಡಿಸಬೇಕು, ರಕ್ತಪರೀಕ್ಷೆಗೆ ಬರಿಹೊಟ್ಟೆಯಲ್ಲಿರಬೇಕೇ, ಮಧ್ಯಾಹ್ನ ಅಗ್ಗದ ಊಟ ಎಲ್ಲಿ ಸಿಗುತ್ತದೆ, ಎಲ್ಲವನ್ನೂ ಟಿಕೆಟಿನ ಹಿಂಬದಿಯಲ್ಲಿ ಬರೆದು ಕೊಡುತ್ತಾರೆ. ಯಾವ ಇಲಾಖೆಯೂ ಇಷ್ಟು ಸ್ಪಷ್ಟವಾದ ಸುತ್ತೋಲೆ ಹೊರಡಿಸಿದ್ದನ್ನು ನನ್ನ ಸೇವಾವಧಿಯಲ್ಲಿ ಕಂಡಿಲ್ಲ.

ಒಂದು ಮುಂಜಾನೆ ಕರ್ಕಿಯ ಮುದುಕಿಯೊಬ್ಬಳು ಮಗಳ ಶಸ್ತ್ರಚಿಕಿತ್ಸೆಗೆಂದು ಹೊರಟಿದ್ದಳು. ಬಿ ನೆಗೆಟಿವ್ ರಕ್ತ ಹೊಂದಿಸಬೇಕೆಂದು ಆಸ್ಪತ್ರೆಯವರು ಹೇಳಿದ್ದರು. ಆ ಎರಡು ಶಬ್ದಗಳನ್ನು ಅವಳು ದಾರಿಯುದ್ದಕ್ಕೂ ಮಂತ್ರದಂತೆ ಒಪ್ಪಿಸುತ್ತಿದ್ದಳು. ಭಟ್ಕಳದಲ್ಲಿ ಬಸ್ಸು ತುಂಬಿದ ಮೇಲೆ ನಿರ್ವಾಹಕರು ಬಾಗಿಲ ಬಳಿ ನಿಂತು ಬೆಳ್ಕೆ, ಶಿರೂರು ಎಂದು ಕೂಗುವ ಧಾಟಿಯಲ್ಲೇ “ಬಿ ನೆಗೆಟಿವ್ ಯಾರು?” ಎಂದು ಕೂಗಿದರು. ಹಿಂದಿನ ಸೀಟಿನಿಂದ ತಲೆಗೆ ಬಿಳಿ ಟೋಪಿ ಧರಿಸಿದ್ದ ಹುಡುಗನೊಬ್ಬ ಕೈಯೆತ್ತಿದ. ಅವನ ಟಿಕೆಟ್ ಕುಂದಾಪುರದವರೆಗಿನದು, ಅಂಗಡಿಯ ಕೆಲಸ. ಮೊಬೈಲಿನಲ್ಲಿ ಮಾಲೀಕನಿಗೆ ಏನೋ ಹೇಳಿ, ಅಲ್ಲಿಂದ ಮುಂದಿನ ಟಿಕೆಟನ್ನೂ ಪಡೆದ. ಮುದುಕಿ ಗಂಟು ಬಿಚ್ಚಿ ಹಣ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ. “ಹಾಗಾದ್ರೆ ಕವಳನಾದ್ರೂ ಹಾಕು ಮಗಾ” ಎಂದು ಸಂಚಿಯಿಂದ ಎಲೆ ತೆಗೆದು, ಸುಣ್ಣ ಹಚ್ಚಿ, ಅಡಿಕೆಯಿಟ್ಟು ಮಡಿಚಿ ಕೊಟ್ಟಳು. ಕವಳ ಅಭ್ಯಾಸವಿಲ್ಲದ ಹುಡುಗ ಅದನ್ನು ಬಾಯಿಗಿಟ್ಟು ಬೈಂದೂರಿನವರೆಗೂ ಕೆಮ್ಮಿದ. ಅವಳು ಬೆನ್ನು ತಟ್ಟುತ್ತಲೇ ಇದ್ದಳು.

1844ರಲ್ಲಿ ಫ್ರಾನ್ಸಿನ ಎಂಜಿನಿಯರ್ ಜೂಲ್ಸ್ ದ್ಯುಪ್ಯುಯಿ, ಸೇತುವೆಯೊಂದರ ಪ್ರಯೋಜನ ಅದರಿಂದ ಬರುವ ಸುಂಕಕ್ಕಿಂತ ದೊಡ್ಡದೆಂದು ವಾದಿಸಿದ್ದ. ಸಾರಿಗೆ ಸಂಸ್ಥೆಗಳ ನಷ್ಟದ ಲೆಕ್ಕ ಓದುವಾಗಲೆಲ್ಲ ನನಗೆ ಆತನ ನೆನಪಾಗುತ್ತದೆ. ಆ ಹುಡುಗನ ಟಿಕೆಟಿನ ವ್ಯತ್ಯಾಸದ ಹಣ ಅಂದಿನ ವರಮಾನದಲ್ಲಿ ಸೇರಿರುತ್ತದೆ. ಉಳಿದದ್ದಕ್ಕೆ ಲೆಕ್ಕಶೀರ್ಷಿಕೆಯಿಲ್ಲ.

ಹೆದ್ದಾರಿ 66 ಚತುಷ್ಪಥವಾಗುವಾಗ ದಾರಿಬದಿಯ ಎಷ್ಟೋ ಮರಗಳು ಹೋದವು. ಜನ ಇಳಿಯುವ ಜಾಗ ಹೇಳುವುದು ಮಾತ್ರ ಈಗಲೂ ಅವುಗಳ ಹೆಸರಿನಿಂದಲೇ. ಧಾರೇಶ್ವರಕ್ಕಿಂತ ಮೊದಲು ಅಂಥದೊಂದು “ಹಲಸಿನ ಮರ” ಇದೆ; ಅಲ್ಲಿರುವುದು ಕಾಂಕ್ರೀಟಿನ ಚರಂಡಿ. ಕಳೆದ ಮಳೆಗಾಲದ ಒಂದು ರಾತ್ರಿ, ಲಕೋಟೆಯನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದ ಹೆಂಗಸೊಬ್ಬಳು “ಹಲಸಿನ ಮರದ ಹತ್ತಿರ ಇಳಿಸಿ” ಎಂದಳು. ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗದ, ಆ ಮರವನ್ನು ಎಂದೂ ನೋಡದ ಚಾಲಕ, ಸರಿಯಾಗಿ ಅದರ ಬುಡವಿದ್ದಲ್ಲೇ ನಿಲ್ಲಿಸಿದ. ಅವಳು ರಸ್ತೆ ದಾಟಿ ಓಣಿ ಸೇರುವವರೆಗೂ ದೀಪವನ್ನು ಆರಿಸದೆ ಕಾದ.