ಬ್ಯಾಕ್‌ವಾಟರ್ ಮತ್ತು ಹಿನ್ನೀರು

ಯಾದಗಿರಿ ಸೀಮೆಯ ಹತ್ತಿಕುಣಿಯಲ್ಲಿರುವಂತಹ ಜಲಾಶಯಗಳನ್ನು ಕುರಿತು ಬರೆಯುವಾಗ ‘ಬ್ಯಾಕ್‌ವಾಟರ್’, ‘ಹಿನ್ನೀರು’ ಎಂಬ ಎರಡು ಪದಗಳನ್ನೂ ಒಂದೇ ಅರ್ಥದಲ್ಲಿ ಬಳಸುವುದುಂಟು. ಅಣೆಕಟ್ಟಿನ ಮಟ್ಟಿಗೆ ಇದರಲ್ಲಿ ದೋಷವಿಲ್ಲ. ಆದರೆ ಇಂಗ್ಲಿಷ್ ಪದದ ಅರ್ಥವ್ಯಾಪ್ತಿ ಇದಕ್ಕಿಂತ ಹಿರಿದಾದುದರಿಂದ ಭಾಷಾಂತರದಲ್ಲಿ ತೊಡಕುಗಳು ಉಂಟಾಗುತ್ತವೆ. ಅವನ್ನು ಇಲ್ಲಿ ವಿವೇಚಿಸಬೇಕೆಂದಿದ್ದೇವೆ.

‘ಬ್ಯಾಕ್’ ಎಂದರೆ ಹಿಂದು, ‘ವಾಟರ್’ ಎಂದರೆ ನೀರು. ಕಟ್ಟೆಯ ತಡೆಯಿಂದ ಹಿಂದೆ ನಿಂತ ನೀರು ಎಂಬ ಅರ್ಥದಲ್ಲಿ ಈ ಸಮಾಸವು 14ನೆಯ ಶತಮಾನದ ಕೊನೆಯಲ್ಲಿಯೇ ದೊರೆಯುತ್ತದೆ. ಬಳಿಕ ಹೊಳೆಯ ಪಕ್ಕದಲ್ಲಿ ಸೆಳವಿಲ್ಲದೆ ನಿಂತ ನೀರಿಗೂ ಅದು ಹೆಸರಾಯಿತು. ಕಾಲಪ್ರವಾಹ ಮುಟ್ಟದ ಜಡವಾದ ಸ್ಥಳವೆಂಬ ಲಕ್ಷ್ಯಾರ್ಥವು ಬಂದುದು 19ನೆಯ ಶತಮಾನದಲ್ಲಿ. ದೋಣಿಯವರು ಇವೆರಡು ಮಾತುಗಳನ್ನು ಬಿಡಿಸಿ ಕ್ರಿಯಾರೂಪದಲ್ಲಿ ಬಳಸಿ, ಹುಟ್ಟನ್ನು ಹಿಮ್ಮುಖವಾಗಿ ಹಾಕುವುದನ್ನು ಸೂಚಿಸುತ್ತಾರೆ. ಅದು ಪ್ರಕೃತ ವಿಷಯವಲ್ಲ.

ಕನ್ನಡದ ‘ಹಿನ್ನೀರು’ ಸರಳವಾಗಿ ಕಂಡರೂ ಅದರ ವಿಗ್ರಹವಾಕ್ಯ ಅಷ್ಟು ಸರಳವಲ್ಲ. ಕಾಲಿನ ಹಿಂದು ‘ಹಿಂಗಾಲು’. ವೈಯಾಕರಣರು ಇದನ್ನು ಅಂಶಿಸಮಾಸವೆನ್ನುತ್ತಾರೆ. ಅದರಂತೆ ‘ನೀರಿನ ಹಿಂದು’ ಎಂದು ಬಿಡಿಸಿದರೆ ಜಲರಾಶಿಯ ಹಿಂಬದಿಯೆಂದಾಗುತ್ತದೆ. ‘ಹಿಂದಾದ ನೀರು’ ಎಂದು ಬಿಡಿಸಿದರೆ ಹಿಂದಕ್ಕೆ ಒತ್ತಲ್ಪಟ್ಟ ನೀರೇ ಅರ್ಥವಾಗುತ್ತದೆ. ಎರಡನೆಯದೇ ಲೇಸೆಂದು ನಮ್ಮ ಮತ. ಆದರೆ ಈ ‘ಹಿಂದು’ ಯಾರಿಗೆ ಹಿಂದು? ಕಟ್ಟೆಯ ಮೇಲೆ ನಿಂತು ಹರಿವಿನ ದಿಕ್ಕಿಗೆ ಮುಖಮಾಡಿದವನಿಗೆ. ಹೊಲಮನೆಗಳನ್ನು ಕಳೆದುಕೊಂಡವನಿಗೆ ಅದು ಕಣ್ಣೆದುರಿಗೇ ಏರಿಬಂದ ನೀರು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನಿಂದ ನೆಲೆ ತಪ್ಪಿದ ಶರಾವತಿ ಕಣಿವೆಯವರಲ್ಲಿಯೂ, ಆಲಮಟ್ಟಿಯ ನೀರಿಗೆ ಹಳೆಯ ಊರಿನ ಭಾಗಗಳನ್ನು ಬಿಟ್ಟು ನವನಗರಕ್ಕೆ ಬಂದ ಬಾಗಲಕೋಟೆಯವರಲ್ಲಿಯೂ ಬಳಕೆಯಾದ ಮಾತು ‘ಮುಳುಗಡೆ’. ನೀರು ಒಂದೇ, ನೋಡುವ ದಡ ಬೇರೆ. ‘ಹಿನ್ನೀರು’ ಎಂಬಲ್ಲಿ ನಿಘಂಟುಕಾರರು ‘ಮುಳುಗಡೆ’ಯನ್ನೂ ನೋಡುವಂತೆ ಸೂಚಿಸಬೇಕು.

ಕೇರಳದ ‘ಬ್ಯಾಕ್‌ವಾಟರ್’ಗಳ ಮಾತು ಬೇರೆ. ಅವು ಮರಳದಿಣ್ಣೆಗಳಿಂದ ಕಡಲಿಗೆ ಬೇರೆಯಾಗಿ, ಕರಾವಳಿಗೆ ಸಮಾಂತರವಾಗಿ ಹಬ್ಬಿದ ಜಲರಾಶಿಗಳು. ವೆಂಬನಾಡು ಇದಕ್ಕೆ ನಿದರ್ಶನ. ಇವನ್ನೂ ‘ಹಿನ್ನೀರು’ ಎಂದರೆ ಓದುಗನು ಇಲ್ಲದ ಅಣೆಕಟ್ಟನ್ನು ಹುಡುಕಬೇಕಾದೀತು. ಮಲಯಾಳದ ‘ಕಾಯಲ್’ ಎಂಬುದನ್ನೇ ಇಟ್ಟುಕೊಳ್ಳುವುದು ಉಚಿತ.

ಲಕ್ಷ್ಯಾರ್ಥದಲ್ಲಿ ಹೆಚ್ಚಿನ ಎಚ್ಚರ ಬೇಕು. ಯಾದಗಿರಿ, ಶಹಾಪುರ, ಸುರಪುರಗಳನ್ನು ಇಂಗ್ಲಿಷಿನಲ್ಲಿ ಯಾರಾದರೂ ‘ಬ್ಯಾಕ್‌ವಾಟರ್’ ಎಂದು ಬರೆದರೆ, ಅದನ್ನು ‘ಹಿನ್ನೀರಿನ ಪ್ರದೇಶ’ವೆಂದು ಅನುವಾದಿಸುವುದು ಶುದ್ಧ ತಪ್ಪು, ‘ಹಿಂದುಳಿದ ಪ್ರದೇಶ’ವೆನ್ನುವುದೂ ಸರಿಯಲ್ಲ. ಹಿಂದುಳಿದಿರುವಿಕೆಯು ಅಳೆದು ಪರಿಹರಿಸಬಹುದಾದ ಸ್ಥಿತಿ. 2012ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371(ಜೆ) ವಿಧಿಯು ಈ ಸೀಮೆಗೆ ವಿಶೇಷ ಅವಕಾಶಗಳನ್ನು ಕಲ್ಪಿಸಿರುವುದು ಆ ನಂಬಿಕೆಯಿಂದಲೇ. ‘ಬ್ಯಾಕ್‌ವಾಟರ್’ ಎಂಬುದರಲ್ಲಿಯಾದರೋ ಇರುವುದು ದೂರ ನಿಂತವನ ತಾತ್ಸಾರ. ಆ ತಾತ್ಸಾರವು ಮೂಲದಲ್ಲಿದ್ದರೆ ಅನುವಾದಕನು ಅದನ್ನು ಮರೆಮಾಚದೆ ‘ಜಗತ್ತಿನ ಗಾಳಿ ಸೋಕದ ಮೂಲೆ’ ಎಂದೇ ಬರೆಯಲಿ. ಒಪ್ಪುವುದೂ ಬಿಡುವುದೂ ಆ ಊರುಗಳ ಓದುಗರಿಗೆ ಸೇರಿದ್ದು.