ತೂಕದ ಕಲ್ಲಿನ ತಳ ನೋಡಿದ್ದೀರಾ?

“ಅಜ್ಜೀ, ನಿನ್ನೆ ಕೊಟ್ಟ ಬೀನ್ಸು ಒಂದು ಕೆಜಿ ಇರ್ಲೇ ಇಲ್ಲ. ಮನೇಲಿ ತೂಗಿದ್ರೆ ಒಂಬೈನೂರ ಇಪ್ಪತ್ತು ಗ್ರಾಂ ಬಂತು!”

ಬೆಳಗ್ಗೆ ಎಂಟು ಗಂಟೆ. ಮಕ್ಕಳ ಡಬ್ಬಿ ಕಟ್ಟಿ, ಒಲೆ ಸಣ್ಣ ಮಾಡಿ, ಗೇಟಿನ ಹತ್ತಿರ ಓಡಿ ಬಂದು ಜೋರಾಗಿಯೇ ಹೇಳಿದ್ದೆ. ಅಕ್ಕಪಕ್ಕದ ಮನೆಯವರು ಸೊಪ್ಪು ಆರಿಸೋದು ಬಿಟ್ಟು ನನ್ನ ಕಡೆ ತಿರುಗಿದರು. ಏಳೆಂಟು ವರ್ಷದಿಂದ ನಮ್ಮ ಬೀದಿಗೆ ತರಕಾರಿ ಗಾಡಿ ತರುವ ಅಜ್ಜಿ ಅದು. ಜಗಳ ಆಡಲಿಲ್ಲ. ಕೆಜಿಯ ಕಬ್ಬಿಣದ ಕಲ್ಲನ್ನು ಎತ್ತಿ, ತಲೆಕೆಳಗೆ ಮಾಡಿ ನನ್ನ ಮುಂದೆ ಹಿಡಿಯಿತು. ತಳದಲ್ಲಿ ಸೀಸ ತುಂಬಿದ ಗುಂಡನೆಯ ಜಾಗ, ಅದರ ಮೇಲೆ ಒತ್ತಿದ ಮುದ್ರೆ.

“ನೋಡ್ರಮ್ಮಾ, ನನ್ ಕಲ್ಲಿಗೆ ಸೀಲ್ ಐತೆ. ನಿಮ್ಮನೆ ತಕ್ಕಡೀಗೆ ಯಾರ್ ಹಾಕವ್ರೆ ಸೀಲು?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಒಳಗೆ ಬಂದು ಅಡುಗೆಮನೆಯ ಮುಳ್ಳಿನ ತಕ್ಕಡಿ ಇಳಿಸಿದೆ. ಗೃಹಪ್ರವೇಶಕ್ಕೆ ಯಾರೋ ಕೊಟ್ಟಿದ್ದು. ಒಡೆಯದ ಒಂದು ಕೆಜಿ ಸಕ್ಕರೆ ಪ್ಯಾಕೆಟ್ ಇಟ್ಟೆ. ಕವರಿನ ತೂಕವೂ ಸೇರಿ ಕೆಜಿಗಿಂತ ತುಸು ಜಾಸ್ತಿಯೇ ಬರಬೇಕಲ್ಲವೇ? ಮುಳ್ಳು ಒಂಬೈನೂರ ಇಪ್ಪತ್ತೈದರ ಹತ್ತಿರ ನಿಂತಿತು. ಉಪ್ಪಿನ ಪ್ಯಾಕೆಟ್ ಇಟ್ಟರೂ ಅಷ್ಟೇ. ಆಮೇಲೆ ಕಣ್ಣಿಗೆ ಬಿತ್ತು, ತಟ್ಟೆ ಖಾಲಿ ಇದ್ದಾಗಲೇ ಮುಳ್ಳು ಸೊನ್ನೆಗಿಂತ ಹಿಂದೆ ನಿಂತಿತ್ತು!

ಮರುದಿನ ಅದೇ ಗೇಟಿನ ಹತ್ತಿರ, ಅದೇ ಅಕ್ಕಪಕ್ಕದವರ ಎದುರಿಗೇ “ತಪ್ಪಾಯ್ತು ಅಜ್ಜಿ” ಅಂದೆ. ಅಜ್ಜಿ ನಕ್ಕು ಒಂದು ಹಿಡಿ ಕೊತ್ತಂಬರಿ ಹಾಕಿತು. ನನಗೆ ಮಾತ್ರ ಇವತ್ತಿಗೂ ಮುಜುಗರ ಹೋಗಿಲ್ಲ.

ಹಾಗಂತ ಎಲ್ಲರ ತೂಕವೂ ಸರಿ ಇರುತ್ತೆ ಅಂತಲ್ಲ. ತಿಂಗಳಿಗೆ ಇಪ್ಪತ್ತು ಕೆಜಿ ತರಕಾರಿ, ಹಣ್ಣು ತರುವ ಮನೆಗೆ ಕೆಜಿಗೆ ಐವತ್ತು ಗ್ರಾಂ ಕಡಿಮೆ ಬಂದರೆ, ತಿಂಗಳಿಗೆ ಒಂದು ಪೂರ್ತಿ ಕೆಜಿ ಹೋದಂತೆ. ಆದರೆ ಅನುಮಾನ ಪಡೋಕೂ ಒಂದು ಕ್ರಮ ಇದೆ. ಅದು ಗೊತ್ತಿದ್ದರೆ ಮೋಸ ಹೋಗೋದೂ ತಪ್ಪುತ್ತೆ, ನನ್ನ ಹಾಗೆ ನಿಯತ್ತಿನವರನ್ನು ನೋಯಿಸೋದೂ ತಪ್ಪುತ್ತೆ.

ಈ ಸೀಲು ಹಾಕೋರು ಯಾರು?

ತುಂಬ ಜನ ಇದು ನಗರಪಾಲಿಕೆ ಕೆಲಸ ಅಂದುಕೊಂಡಿದ್ದಾರೆ. ಅಲ್ಲ. ವ್ಯಾಪಾರದ ಪರವಾನಗಿ, ಮಾರುಕಟ್ಟೆಯ ಸ್ವಚ್ಛತೆ ಪಾಲಿಕೆಗೆ ಸೇರಿದ್ದು. ತಕ್ಕಡಿ, ತೂಕದ ಕಲ್ಲು, ಲೀಟರ್ ಮಾಪು, ಪೆಟ್ರೋಲ್ ಬಂಕಿನ ಪಂಪು ಇವೆಲ್ಲ ರಾಜ್ಯ ಸರ್ಕಾರದ ಕಾನೂನು ಮಾಪನಶಾಸ್ತ್ರ ಇಲಾಖೆಯ ಸುಪರ್ದಿಗೆ ಬರುತ್ತವೆ. ಹಳಬರು ‘ತೂಕ ಮತ್ತು ಅಳತೆ ಇಲಾಖೆ’ ಅನ್ನೋದು ಇದನ್ನೇ.

ನಮ್ಮ ಅಜ್ಜಿಯಂದಿರ ಸೇರು, ಪಾವು ಹೋಗಿ ಕಿಲೋ, ಲೀಟರ್ ಬರಲು ದಾರಿ ಮಾಡಿದ್ದು 1956ರ ಕಾನೂನು. ಈಗ ಇರೋದು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ. 2011ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವ್ಯಾಪಾರಕ್ಕೆ ಬಳಸುವ ಪ್ರತಿಯೊಂದು ತಕ್ಕಡಿಯನ್ನೂ ಇಲಾಖೆಯಿಂದ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕು. ಅದೂ ಒಂದು ಸಲ ಮಾಡಿಸಿದರೆ ಮುಗಿಯಿತು ಅಂತಿಲ್ಲ. ಕಬ್ಬಿಣದ ಕಲ್ಲು, ತಟ್ಟೆ ತಕ್ಕಡಿಗೆ ಎರಡು ವರ್ಷಕ್ಕೊಮ್ಮೆ, ಎಲೆಕ್ಟ್ರಾನಿಕ್ ತಕ್ಕಡಿಗೆ ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ ಆಗಲೇಬೇಕು. ಪರೀಕ್ಷೆ ಆದ ಮೇಲೆ ಕೊಡುವ ಪ್ರಮಾಣಪತ್ರವನ್ನು ಅಂಗಡಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕು. ಮುಂದಿನ ಸಲ ದಿನಸಿ ಅಂಗಡಿಗೆ ಹೋದಾಗ ಗೋಡೆ ಮೇಲೆ ಒಮ್ಮೆ ಕಣ್ಣಾಡಿಸಿ.

ಗಾಡಿಯ ಮುಂದೆ ನಿಂತಾಗ

* ತಟ್ಟೆ ತಕ್ಕಡಿಯಾದರೆ ಮೊದಲು ಖಾಲಿಯಾಗಿ ಎತ್ತಿ ತೋರಿಸಲು ಹೇಳಿ. ಮುಳ್ಳು ನೆಟ್ಟಗೆ ನಿಲ್ಲಬೇಕು.

* ತಟ್ಟೆಯ ಅಡಿಭಾಗ ನೋಡಿ. ಹುಣಸೆಹಣ್ಣು, ಅಯಸ್ಕಾಂತ ಅಂಟಿಸೋದು ಹಳೇ ಕಸುಬು.

* ಅನುಮಾನ ಬಂದರೆ ಒಂದು ಸುಲಭ ಉಪಾಯ: ಕಲ್ಲನ್ನು ತರಕಾರಿ ತಟ್ಟೆಗೆ, ತರಕಾರಿಯನ್ನು ಕಲ್ಲಿನ ತಟ್ಟೆಗೆ ಅದಲು ಬದಲು ಮಾಡಿ ತೂಗಿಸಿ. ತಕ್ಕಡಿ ಸರಿ ಇದ್ದರೆ ಆಗಲೂ ಸಮ ನಿಲ್ಲುತ್ತೆ. ದಂಡದ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ ಇದ್ದರೆ ಆಗ ಬಣ್ಣ ಬಯಲಾಗುತ್ತೆ.

* ಕಲ್ಲಿನ ಬದಲು ಜಲ್ಲಿಕಲ್ಲು, ಹಳೇ ಬೋಲ್ಟು ಇಟ್ಟು ತೂಗಿದರೆ ಒಪ್ಪಬೇಡಿ. “ಇದೂ ಕರೆಕ್ಟಾಗೇ ಐತೆ” ಅನ್ನೋ ಮಾತಿಗೆ ಬೆಲೆಯಿಲ್ಲ.

* ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಸಾಮಾನು ಇಡೋ ಮೊದಲು ಸೊನ್ನೆ ಇದೆಯೇ ನೋಡಿ. ಅಂಕಿ ನಿಮಗೂ ಕಾಣುವ ಹಾಗಿರಬೇಕು. ಬುಟ್ಟಿಯಲ್ಲಿಟ್ಟು ತೂಗಿದರೆ ಬುಟ್ಟಿಯ ತೂಕ ಕಳೆದಿದ್ದಾರೆಯೇ ಕೇಳಿ. ಎತ್ತು ತಗ್ಗಿನ ಜಾಗದಲ್ಲಿ ಇಟ್ಟ ತಕ್ಕಡಿ ಒಳ್ಳೆಯದಾದರೂ ತಪ್ಪು ತೋರಿಸಬಹುದು.

* ಮನೆಗೆ ತಂದು ತೂಗೋದಾದರೆ ಕೂಡಲೇ ತೂಗಿ. ಸೊಪ್ಪು, ಬೀನ್ಸು ನೀರು ಆರಿ ಸಂಜೆಯೊಳಗೇ ತೂಕ ಇಳಿಯುತ್ತವೆ. ಆ ತೂಕಕ್ಕೆ ಮಾರಿದವರನ್ನು ಬೈದು ಉಪಯೋಗವಿಲ್ಲ.

ಇನ್ನು ಹೂವು! ಮೊಳ ಹಾಕಿ ಕೊಡುವಾಗ ಯಾರ ಮೊಳ ಅಂತ ಕೇಳೋದುಂಟೇ? ಹೂವಾಡಗಿತ್ತಿಯ ಮೊಳ ಚಿಕ್ಕದು, ನಮ್ಮ ಮೊಳ ದೊಡ್ಡದು! ಕಾನೂನಿನಲ್ಲಿ ಮೊಳ ಅನ್ನೋ ಅಳತೆಯೇ ಇಲ್ಲ. ಅಲ್ಲಿ ನಮ್ಮ ಕಣ್ಣೇ ತಕ್ಕಡಿ.

ಗಾಡಿಯವರ ಹತ್ತಿರ ಮಾತ್ರ ಯಾಕೆ ಗಟ್ಟಿ ದನಿ?

ಐದು ರೂಪಾಯಿ ಬೀನ್ಸಿಗೆ ಬೀದಿಯಲ್ಲಿ ದನಿ ಎತ್ತುವ ನಾವು, ಎಸಿ ಅಂಗಡಿಯಲ್ಲಿ ತುಟಿ ಬಿಚ್ಚೋದಿಲ್ಲ. ಲೆಕ್ಕ ಹಾಕಿ ನೋಡಿದರೆ ಹೆಚ್ಚು ಹೋಗೋದು ಅಲ್ಲೇ.

ಸಿಹಿತಿಂಡಿ ಅಂಗಡಿಯಲ್ಲಿ ರಟ್ಟಿನ ಡಬ್ಬಿ ಸಮೇತ ಮೈಸೂರುಪಾಕು ತೂಗ್ತಾರಾ? ಡಬ್ಬಿ ಐವತ್ತು ಗ್ರಾಂ ಇದ್ದರೆ ಐವತ್ತು ಗ್ರಾಂ ರಟ್ಟನ್ನು ನೀವು ಮೈಸೂರುಪಾಕಿನ ಬೆಲೆಗೆ ಕೊಂಡಂತಾಯಿತು. “ಡಬ್ಬಿ ತೂಕ ಕಳೀರಿ” ಅನ್ನಲು ನಾಚಿಕೆ ಬೇಡ. ನಿಮಗೆ ಸಿಗಬೇಕಾದ್ದು ತಿಂಡಿಯ ನಿವ್ವಳ ತೂಕ.

ಮನೆಗೆ ಬರುವ ಗ್ಯಾಸ್ ಸಿಲಿಂಡರಿನಲ್ಲಿ ಇರಬೇಕಾದ್ದು 14.2 ಕೆಜಿ ಅನಿಲ. ಖಾಲಿ ಸಿಲಿಂಡರಿನ ತೂಕ ಅದರ ಮೇಲೇ ಬರೆದಿರುತ್ತೆ. ಎರಡನ್ನೂ ಕೂಡಿಸಿ. ಖಾಲಿ ತೂಕ 15.3 ಅಂತಿದ್ದರೆ ತುಂಬಿದ ಸಿಲಿಂಡರ್ 29.5 ಕೆಜಿ ಆಸುಪಾಸು ತೂಗಬೇಕು. ತೂಗಿ ಕೊಡಿ ಅಂತ ಕೇಳೋದು ನಿಮ್ಮ ಹಕ್ಕು. ಸಿಲಿಂಡರ್ ತರುವ ಹುಡುಗನಿಗೆ ಅವಸರ ಇರಬಹುದು, ದುಡ್ಡು ಮಾತ್ರ ನಿಮ್ಮದು.

ಪೆಟ್ರೋಲ್ ಬಂಕಿನಲ್ಲಿ ಅನುಮಾನ ಬಂದರೆ ಐದು ಲೀಟರ್ ಮಾಪು ತರಿಸಿ ಅಳೆದು ತೋರಿಸಿ ಅನ್ನಬಹುದು. ಇಲಾಖೆ ಮುದ್ರೆ ಇರುವ ಆ ಮಾಪು ಪ್ರತಿ ಬಂಕಿನಲ್ಲೂ ಇರಬೇಕು.

ಇನ್ನೊಂದು ಮಾತು. ಒಂದು ಲೀಟರ್ ಎಣ್ಣೆ ಪ್ಯಾಕೆಟ್ ತೂಗಿ 910 ಗ್ರಾಂ ಆಸುಪಾಸು ಬಂದರೆ ಜಗಳಕ್ಕೆ ಹೋಗಬೇಡಿ. ಎಣ್ಣೆ ನೀರಿಗಿಂತ ಹಗುರ, ಅದರ ಲೀಟರ್ ತೂಗೋದೇ ಅಷ್ಟು. ಆದರೆ ಪ್ಯಾಕೆಟ್ ಮೇಲೆ ಲೀಟರ್ ಅಂತಲೇ ಇದೆಯಾ, ಇಲ್ಲಾ ಅದಕ್ಕಿಂತ ಕಡಿಮೆ ಇದೆಯಾ ಅಂತ ಮಾತ್ರ ಓದಿ. ನೋಡಲು ಒಂದೇ ಥರ ಇರುವ ಪ್ಯಾಕೆಟ್‌ಗಳಲ್ಲಿ ಅಳತೆ ಬೇರೆ ಬೇರೆ ಇರುತ್ತೆ.

ತಾರಸಿ ತೋಟದ ಗೆಳತಿಯರಿಗೆ

ಈಗ ಎಲ್ಲರ ಮನೆ ತಾರಸಿಯಲ್ಲೂ ಮೆಂತ್ಯ, ಟೊಮೇಟೊ, ಬದನೆ. ಮನೆಗೆ ಮಿಕ್ಕಿದ್ದನ್ನು ಅಪಾರ್ಟ್‌ಮೆಂಟಿನಲ್ಲೇ ಮಾರುವ ಗೃಹಿಣಿಯರೂ ಇದ್ದಾರೆ. ಬಹಳ ಸಂತೋಷ. ಬೆಳೆದವರೇ ತೂಗಿ ಮಾರೋದು ನಮಗೆ ಹೊಸದೇನಲ್ಲ. ಬೆಂಗಳೂರಿನ ಹಾಪ್‌ಕಾಮ್ಸ್ ಕೂಡ 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿಯೇ ಶುರುವಾಗಿದ್ದು.

ಆದರೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿ ದುಡ್ಡು ತಗೋಬೇಡಿ. ದುಡ್ಡಿಗೆ ಕೊಟ್ಟ ಕ್ಷಣ ಅದು ವ್ಯಾಪಾರ. ಅಡುಗೆಮನೆ ತಕ್ಕಡಿಗೆ ಮುದ್ರೆ ಇಲ್ಲ, ಅದರ ಹಣೆಬರಹ ನನ್ನ ಬೀನ್ಸು ಪ್ರಕರಣದಲ್ಲೇ ನೋಡಿದಿರಲ್ಲ! ನಿಂಬೆಹಣ್ಣು, ನುಗ್ಗೆಕಾಯಿ, ತೆಂಗಿನಕಾಯಿ ಎಣಿಸಿ ಕೊಡಿ. ತೂಗಿಯೇ ಕೊಡೋದಾದರೆ ಮುದ್ರೆ ಇರುವ ತಕ್ಕಡಿ ಕೊಳ್ಳಿ. ನಾಲ್ಕು ಮನೆಯವರು ಸೇರಿ ಒಂದು ಕೊಂಡರೂ ಸಾಕು.

ಗಿಡದಿಂದ ಕಿತ್ತ ತರಕಾರಿಯನ್ನು ಹಾಗೇ ಮಾರೋದು ಬೇರೆ, ಉಪ್ಪಿನಕಾಯಿ, ಚಟ್ನಿಪುಡಿ ಮಾಡಿ ಮಾರೋದು ಬೇರೆ. ಎರಡನೆಯದಕ್ಕೆ ಆಹಾರ ಸುರಕ್ಷತಾ ನೋಂದಣಿ ಬೇಕು. ಪೊಟ್ಟಣ ಕಟ್ಟಿ ಮಾರೋದಾದರೆ ಅದರ ಮೇಲೆ ನಿವ್ವಳ ತೂಕ, ಬೆಲೆ, ತಯಾರಿಸಿದ ತಿಂಗಳು, ವರ್ಷ, ತಯಾರಿಸಿದವರ ಹೆಸರು, ವಿಳಾಸ ಇರಲಿ.

ತೂಕ ನಿಜವಾಗಿಯೂ ಕಡಿಮೆ ಬಂದರೆ?

ಮೊದಲು ಅಲ್ಲೇ, ಮೆತ್ತಗೆ ಹೇಳಿ. “ಇನ್ನೊಂದು ಸಲ ತೂಗಿ” ಅನ್ನೋ ಒಂದು ಮಾತಿಗೇ ಎಷ್ಟೋ ಸಲ ಸರಿಹೋಗುತ್ತೆ. ತಳ್ಳುಗಾಡಿಯ ಎಷ್ಟೋ ಜನಕ್ಕೆ ಮುದ್ರೆಯ ಅವಧಿ ಮುಗಿದಿರೋದೇ ಗೊತ್ತಿರೋಲ್ಲ. ಹೇಳಿದರೆ ಅವರಿಗೂ ಉಪಕಾರ.

ಬಗ್ಗದಿದ್ದರೆ ಬಿಲ್ಲು ಇಟ್ಟುಕೊಳ್ಳಿ, ತೂಗಿದ ಅಂಕಿಯ ಫೋಟೊ ತೆಗೆದುಕೊಳ್ಳಿ. ಅಂಗಡಿಯ ಹೆಸರು, ದಿನ, ವೇಳೆ ಬರೆದಿಟ್ಟು ನಿಮ್ಮ ಭಾಗದ ಕಾನೂನು ಮಾಪನಶಾಸ್ತ್ರ ನಿರೀಕ್ಷಕರ ಕಚೇರಿಗೆ ದೂರು ಕೊಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೀಳೋಲ್ಲ. ಪರಿಹಾರವೇ ಬೇಕೆಂದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕೇಬೇಕು ಅಂತಲೂ ಇಲ್ಲ.

ಆದರೆ ಫೋನ್ ಎತ್ತುವ ಮೊದಲು, ದಯವಿಟ್ಟು ನಿಮ್ಮ ಮನೆ ತಕ್ಕಡಿಯ ಮುಳ್ಳು ಎಲ್ಲಿದೆ ನೋಡಿ. ಒಡೆಯದ ಸಕ್ಕರೆ ಪ್ಯಾಕೆಟ್ ಇಟ್ಟು ಪರೀಕ್ಷೆ ಮಾಡಿ.

ನಮ್ಮ ಅಜ್ಜಿ ಈಗಲೂ ಬರ್ತಾರೆ. ಬೀನ್ಸು ತೂಗುವಾಗ ಕಲ್ಲನ್ನು ಒಮ್ಮೆ ತಿರುಗಿಸಿ ತೋರಿಸಿ, “ಸೀಲ್ ನೋಡ್ಕೊಂಡ್ರಾ ಅಮ್ಮಾ?” ಅಂತ ರೇಗಿಸ್ತಾರೆ. ನಾನೂ ಬಿಡೋಲ್ಲ, ಬಗ್ಗಿ ನೋಡಿಯೇ ನೋಡ್ತೀನಿ!