ಗುಡ್ಡದ ಲೆಕ್ಕ, ಮಳೆಯ ಲೆಕ್ಕ

2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲೂಕಿನ ಘಟ್ಟದ ತಪ್ಪಲಿನ ಊರುಗಳಿಗೆ ನೆರೆ ನುಗ್ಗಿತು. ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿತು. ಇಂಥ ಕುಸಿತವನ್ನು ಒಂದೇ ಶಾಸ್ತ್ರ ವಿವರಿಸಲಾರದು. ದಿನಗಟ್ಟಲೆ ಸುರಿದ ನೀರು ಇಂಗಿದಂತೆ ಮಣ್ಣಿನ ಭಾರ ಹೆಚ್ಚುತ್ತದೆ, ಹಿಡಿತ ಸಡಿಲುತ್ತದೆ. ಮಳೆಯ ಮುನ್ಸೂಚನೆ ಹವಾಮಾನ ಇಲಾಖೆಯ ಕೆಲಸ. ಮಣ್ಣು, ಬಂಡೆಗಳ ಪರಿಶೀಲನೆ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯದು. ಆಕಾಶದಿಂದ ಚಿತ್ರ ತೆಗೆಯುವುದು ಇಸ್ರೋ ಉಪಗ್ರಹಗಳು.

ಕರ್ನಾಟಕದಲ್ಲಿ ಇಂಥ ಮಾಹಿತಿಯನ್ನು ಒಂದೆಡೆ ಸೇರಿಸುವುದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. 1988ರಲ್ಲಿ ಬರಗಾಲದ ಮೇಲೆ ನಿಗಾ ಇಡಲು ಹುಟ್ಟಿದ ಘಟಕವೇ ಮುಂದೆ ಈ ಕೇಂದ್ರವಾಗಿ ಬೆಳೆಯಿತು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅದು ಅಳವಡಿಸಿದ ಸ್ವಯಂಚಾಲಿತ ಮಳೆಮಾಪಕಗಳು ಬೆಂಗಳೂರಿಗೆ ಅಂಕಿಗಳನ್ನು ಕಳಿಸುತ್ತವೆ. ಆದರೆ ಅಂಕಿಗಳು ಬೆಂಗಳೂರು ಸೇರಿದರಷ್ಟೇ ಸಾಲದು. ಎಚ್ಚರಿಕೆಯಾಗಿ, ಕತ್ತಲಾಗುವ ಮೊದಲೇ, ಗುಡ್ಡದ ಬುಡದ ಮನೆಗೆ ಮರಳಬೇಕು.